ಮಂಟಪ ಕುಣಿಸಿದ ಊರಿಗೆ ರೋಬೋ ದೂರವೇ?

ವಿಜಯದಶಮಿಯ ರಾತ್ರಿ ಮಡಿಕೇರಿ ಮಲಗುವುದಿಲ್ಲ. ಪೇಟೆ ಶ್ರೀರಾಮಮಂದಿರದ ಮಂಟಪ ಮುಂದಾಗಿ, ಕೋಟೆ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕರವಲೆ ಭಗವತಿ, ಕೋಟೆ ಗಣಪತಿ ಎಂದು ಹತ್ತು ದೇವಸ್ಥಾನಗಳ ಮಂಟಪಗಳು ಬೀದಿಗಿಳಿಯುತ್ತವೆ. ಟ್ರ್ಯಾಕ್ಟರ್ ಎಳೆಯುವ ಪ್ಲಾಟ್‌ಫಾರಂ ಮೇಲೆ ಆಳೆತ್ತರ ಮೀರಿದ ಅಸುರ ಕತ್ತು ತಿರುಗಿಸಿ ಗದೆ ಎತ್ತುತ್ತಾನೆ. ದೇವಿಯ ತ್ರಿಶೂಲ ಮುಂದಕ್ಕೆ ನುಗ್ಗುತ್ತದೆ, ಹೊಗೆ ಏಳುತ್ತದೆ, ಜನ ಕೇಕೆ ಹಾಕುತ್ತಾರೆ. ತೀರ್ಪುಗಾರರ ಎದುರು ಮಂಟಪ ನಿಲ್ಲಿಸಿ ಕಥೆಯನ್ನು ಪೂರ್ತಿ ಆಡಿ ತೋರಿಸಬೇಕು. ಯಾವ ಮಂಟಪಕ್ಕೆ ಮೊದಲ ಬಹುಮಾನ ಎಂಬ ವಾದ ಬೆಳಗಾದರೂ ಮುಗಿಯುವುದಿಲ್ಲ.

ಜನ ಮೇಲೆ ನೋಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋದವರು ಒಮ್ಮೆ ಪ್ಲಾಟ್‌ಫಾರಂನ ಅಡಿಗೆ ಕಣ್ಣು ಹಾಯಿಸಬೇಕು. ಅಲ್ಲಿ ಮೋಟರ್‌ಗಳಿವೆ, ಗೇರ್‌ಬಾಕ್ಸ್‌ಗಳಿವೆ, ಹೈಡ್ರಾಲಿಕ್ ಜಾಕ್‌ಗಳಿವೆ, ವೆಲ್ಡಿಂಗ್ ಮಾಡಿದ ಕಬ್ಬಿಣದ ತೋಳುಗಳಿವೆ, ಜನರೇಟರ್‌ನಿಂದ ಬಂದ ವೈರುಗಳ ಗೋಜಲಿದೆ. ಅದರ ನಡುವೆ ನಿದ್ದೆಗೆಟ್ಟ ಹುಡುಗರು ಕೂತಿರುತ್ತಾರೆ. ಧ್ವನಿಮುದ್ರಿಕೆಯಲ್ಲಿ ಯಾವ ಮಾತು ಬಂದಾಗ ಯಾವ ಸ್ವಿಚ್ ಒತ್ತಬೇಕು ಎಂಬುದು ಅವರಿಗೆ ಬಾಯಿಪಾಠ. ಮಂಟಪ ಸಮಿತಿಯವರು ಇದನ್ನೆಲ್ಲ ಸೇರಿಸಿ 'ಚಲನವಲನ' ಎನ್ನುತ್ತಾರೆ. ಚಲನವಲನ ಚೆನ್ನಾಗಿದ್ದರೆ ಮಂಟಪ ಗೆದ್ದಂತೆ.

ಕೊಡಗಿನಲ್ಲಿ ಮಕ್ಕಳಿಗೆ ರೋಬೋಟಿಕ್ಸ್ ಕಲಿಸುವ ಮಾತು ಬಂದಾಗಲೆಲ್ಲ, ಅದು ಬೆಂಗಳೂರಿನಿಂದ ತರಬೇಕಾದ ಸಾಮಾನು ಎಂಬ ಧಾಟಿಯಲ್ಲೇ ಚರ್ಚೆ ನಡೆಯುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಗಡುವಿಗೆ ಸರಿಯಾಗಿ ಯಂತ್ರ ಕಟ್ಟುವುದು, ಅದನ್ನು ಊರಿನ ಮುಂದೆ ಓಡಿಸುವುದು, ಕೆಟ್ಟರೆ ನಿಂತಲ್ಲೇ ಸರಿಪಡಿಸುವುದು, ಗೆದ್ದವರ ಮಂಟಪ ನೋಡಿ ಮುಂದಿನ ವರ್ಷಕ್ಕೆ ಲೆಕ್ಕ ಹಾಕುವುದು, ಇವು ರೋಬೋ ಸ್ಪರ್ಧೆಯ ಜೀವಾಳ. ಇವಿಷ್ಟೂ ಮಡಿಕೇರಿಯಲ್ಲೂ ಗೋಣಿಕೊಪ್ಪದಲ್ಲೂ ವರ್ಷ ವರ್ಷ ನಡೆಯುತ್ತಿವೆ. ಶಾಲೆಯ ಅಂಗಳಕ್ಕೆ ಅದು ಇನ್ನೂ ಇಳಿದಿಲ್ಲ, ಅಷ್ಟೆ.

ಹಾಗಾದರೆ ಮಂಟಪದ ಅಸುರನೂ ರೋಬೋ ತಾನೇ ಎಂದು ಮಗು ಕೇಳಬಹುದು. ಬಹಳ ಹತ್ತಿರ, ಆದರೆ ಒಂದು ಹೆಜ್ಜೆ ಬಾಕಿ ಇದೆ. ತ್ರಿಶೂಲ ತನಗೆ ತಗುಲಿತೋ ಇಲ್ಲವೋ ಅಸುರನಿಗೆ ಗೊತ್ತಿಲ್ಲ. ತಗುಲದಿದ್ದರೂ ಆ ಮಾತು ಬಂದಾಗ ಸ್ವಿಚ್ ಒತ್ತಿದರೆ ಬೀಳುತ್ತಾನೆ. ಕಣ್ಣು ಇರುವುದು ಕೆಳಗೆ ಕೂತ ಹುಡುಗನಿಗೆ. ಆ ಹುಡುಗ ನೋಡಿ, ಲೆಕ್ಕ ಹಾಕಿ, ತಿದ್ದುವ ಕೆಲಸವನ್ನು ಯಂತ್ರವೇ ಮಾಡತೊಡಗಿದರೆ ಅದು ರೋಬೋ. ಸೆನ್ಸರ್ ಒಂದು ಸಂಗತಿಯನ್ನು ಅಳೆಯುತ್ತದೆ, ಒಳಗಿನ ಚಿಪ್ ಅದನ್ನು ತನ್ನ ಗುರಿಯೊಂದಿಗೆ ಹೋಲಿಸುತ್ತದೆ, ಮೋಟರ್ ತಿದ್ದುತ್ತದೆ, ಸೆನ್ಸರ್ ಮತ್ತೆ ಅಳೆಯುತ್ತದೆ. ಈ ಸುತ್ತು ಒಂದು ಸೆಕೆಂಡಿನಲ್ಲಿ ನೂರಾರು ಸಲ ನಡೆಯುತ್ತದೆ.

ಇದಕ್ಕೆ ದೊಡ್ಡ ಮೆದುಳೇನೂ ಬೇಡ ಎಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ನರವಿಜ್ಞಾನಿ ಗ್ರೇ ವಾಲ್ಟರ್ 1940ರ ದಶಕದ ಕೊನೆಯಲ್ಲೇ ತೋರಿಸಿಕೊಟ್ಟ. ಅವನು ಮಾಡಿದ ಎಲ್ಮರ್, ಎಲ್ಸಿ ಎಂಬ ಎರಡು ಯಂತ್ರದ ಆಮೆಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಬೆಳಕು ಕಾಣುವ ಒಂದು ಕಣ್ಣು, ಡಿಕ್ಕಿ ಗೊತ್ತಾಗುವ ಒಂದು ಚಿಪ್ಪು, ಎರಡು ಮೋಟರ್, ಹಳೆಯ ರೇಡಿಯೊಗಳಲ್ಲಿದ್ದಂಥ ಕೆಲವೇ ವಾಲ್ವ್. ಅಷ್ಟರಲ್ಲೇ ಅವು ಬೆಳಕಿನತ್ತ ಹೋಗುತ್ತಿದ್ದವು, ಅಡ್ಡ ಬಂದ ಕುರ್ಚಿಯನ್ನು ಬಳಸಿಕೊಂಡು ಸಾಗುತ್ತಿದ್ದವು. ನೋಡಿದವರಿಗೆ ಜೀವವಿರುವ ಪ್ರಾಣಿಯನ್ನೇ ಕಂಡಂತಾಗುತ್ತಿತ್ತು.

ಇಂದು ಯಾವುದೇ ಶಾಲೆಯ ಮಗು ಮೊದಲು ಕಟ್ಟುವ ರೋಬೋ ಈ ಆಮೆಯ ಮೊಮ್ಮಗ. ಕಪ್ಪು ಗೆರೆಯ ಮೇಲೆ ತಾನಾಗಿ ಓಡುವ ಪುಟ್ಟ ಗಾಡಿ. ಸ್ಪರ್ಧೆಯ ಭಾಷೆಯಲ್ಲಿ ಲೈನ್ ಫಾಲೋವರ್. ಬಿಳಿ ಹಾಳೆಯ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದರೆ ದಾರಿ ಸಿದ್ಧ. ಗಾಡಿಯ ಮೂತಿಯ ಕೆಳಗೆ ಗೆರೆಯ ಆಚೆ ಒಂದು, ಈಚೆ ಒಂದು ಸೆನ್ಸರ್. ಪ್ರತಿ ಸೆನ್ಸರ್‌ನಲ್ಲೂ ಕಣ್ಣಿಗೆ ಕಾಣದ ಅತಿಕೆಂಪು ಬೆಳಕು ಚೆಲ್ಲುವ ಒಂದು ಎಲ್‌ಇಡಿ, ಮರಳಿ ಬಂದ ಬೆಳಕನ್ನು ಹಿಡಿಯುವ ಒಂದು ಫೋಟೋಡಯೋಡ್. ಬಿಳಿ ಹಾಳೆ ಬೆಳಕನ್ನು ಮರಳಿಸುತ್ತದೆ, ಕಪ್ಪು ಟೇಪ್ ನುಂಗುತ್ತದೆ. ಗಾಡಿ ಎಡಕ್ಕೆ ಸರಿದರೆ ಗೆರೆ ಬಲಗಡೆಯ ಸೆನ್ಸರ್‌ನ ಕೆಳಗೆ ಬರುತ್ತದೆ. ಅಲ್ಲಿ ಬೆಳಕು ಮಾಯವಾದೊಡನೆ ಬಲ ಚಕ್ರ ನಿಧಾನಿಸಬೇಕು, ಎಡ ಚಕ್ರ ಓಡಬೇಕು. ಗಾಡಿ ಬಲಕ್ಕೆ ತಿರುಗಿ ದಾರಿಗೆ ಬರುತ್ತದೆ. ಆರನೇ ತರಗತಿಯ ಮಗುವಿಗೆ ಇದನ್ನು ವಿವರಿಸಲು ಹತ್ತು ನಿಮಿಷ ಸಾಕು. ಬರೆಯಬೇಕಾದ ಪ್ರೋಗ್ರಾಂ ಒಂದು ಪುಟವೂ ಆಗದು.

ಆದರೆ ಸ್ಪರ್ಧೆಯ ದಿನ ಅದೇ ಗಾಡಿ ಗೆರೆ ಬಿಟ್ಟು ನೇರ ಗೋಡೆಗೆ ಹೋಗಿ ಗುದ್ದುತ್ತದೆ. ಹಿಂದಿನ ಸಂಜೆ ಟ್ಯೂಬ್‌ಲೈಟ್ ಕೆಳಗೆ ಹತ್ತು ಸುತ್ತು ತಪ್ಪದೆ ಓಡಿದ ಗಾಡಿ ಅದು. ಮಗು ಮೊದಲು ವೈರುಗಳನ್ನು ಎಳೆದು ನೋಡುತ್ತದೆ. ಬ್ಯಾಟರಿ ಬದಲಿಸುತ್ತದೆ. ಪ್ರೋಗ್ರಾಂ ಮತ್ತೆ ಹಾಕುತ್ತದೆ. ಏನೂ ಆಗುವುದಿಲ್ಲ. ಆಮೇಲೆ ತಂಡದಲ್ಲಿ ಯಾರೋ ಒಬ್ಬರಿಗೆ, ಗಾಡಿ ಪ್ರತಿ ಸಲವೂ ಕಿಟಕಿಯ ಹತ್ತಿರದ ತಿರುವಿನಲ್ಲೇ ತಪ್ಪುತ್ತಿದೆ ಎಂದು ಹೊಳೆಯುತ್ತದೆ. ಕಿಟಕಿಯಿಂದ ಬಿಸಿಲು ಬೀಳುತ್ತಿದೆ. ಬಿಸಿಲಿನಲ್ಲಿ ಅತಿಕೆಂಪು ಬೆಳಕು ಧಾರಾಳ. ಕಪ್ಪು ಟೇಪ್ ಎಷ್ಟೇ ನುಂಗಿದರೂ ಫೋಟೋಡಯೋಡ್ ತುಂಬಿ ತುಳುಕುತ್ತಿದೆ; ಗಾಡಿಗೆ ಊರೆಲ್ಲ ಬಿಳಿ. ಸೆನ್ಸರ್ ಸುತ್ತ ಕಪ್ಪು ಕಾಗದದ ಲಂಗ ಕಟ್ಟಿದರೆ ಅರ್ಧ ಕಾಯಿಲೆ ವಾಸಿ. ಇನ್ನೂ ಜಾಣರಾದರೆ ಎಲ್‌ಇಡಿ ಆರಿಸಿ ಒಮ್ಮೆ, ಹೊತ್ತಿಸಿ ಒಮ್ಮೆ ಅಳೆದು, ಎರಡರ ವ್ಯತ್ಯಾಸವನ್ನು ಮಾತ್ರ ನಂಬುವಂತೆ ಪ್ರೋಗ್ರಾಂ ತಿದ್ದುತ್ತಾರೆ. ಬಿಸಿಲು ಎರಡೂ ಸಲ ಇರುವುದರಿಂದ ಕಳೆದು ಹೋಗುತ್ತದೆ.

ಕಿಟಕಿಯ ಬಳಿಯ ಆ ಅರ್ಧ ಗಂಟೆಯಲ್ಲಿ ಮಗು ಕಲಿತದ್ದನ್ನು ಯಾವ ಪಾಠಪುಸ್ತಕವೂ ಕಲಿಸಲಾರದು. ಊಹೆ ಮಾಡಿ, ಊಹೆಯನ್ನು ಪರೀಕ್ಷಿಸಿ, ತಪ್ಪೆಂದು ಕಂಡಾಗ ಬಿಟ್ಟುಕೊಟ್ಟು, ಇನ್ನೊಂದು ಊಹೆಗೆ ಹೋಗುವುದು ವಿಜ್ಞಾನದ ಪೂರ್ತಿ ಕೆಲಸ. ಹೊಸ ಬ್ಯಾಟರಿ ಹಾಕಿದಾಗ ಗಾಡಿ ಜೋರಾಗಿ ಓಡಿ ತಿರುವು ತಪ್ಪುವುದು, ಒಂದೇ ಡಬ್ಬಿಯಿಂದ ತೆಗೆದ ಎರಡು ಮೋಟರ್‌ಗಳು ಒಂದೇ ವೇಗದಲ್ಲಿ ತಿರುಗದಿರುವುದು, ಹೀಗೆ ಯಂತ್ರ ಒಡ್ಡುವ ಪ್ರಶ್ನೆಗಳಿಗೆ ಕೊನೆಯಿಲ್ಲ. ಮೇಷ್ಟರನ್ನು ಒಪ್ಪಿಸಿ ಪಾರಾಗಬಹುದು, ಗಾಡಿಯನ್ನು ಒಪ್ಪಿಸಲಾಗದು. ರೋಬೋ ಕಟ್ಟಿದ ಮಕ್ಕಳೆಲ್ಲ ಎಂಜಿನಿಯರ್ ಆಗಬೇಕಿಲ್ಲ. ಈ ಅಭ್ಯಾಸ ಕಾಫಿ ತೋಟ ನೋಡಿಕೊಳ್ಳುವವರಿಗೂ ಬೇಕು, ನರ್ಸ್ ಆಗುವವರಿಗೂ ಬೇಕು.

ಸ್ಪರ್ಧೆ ಯಾಕೆ, ಸುಮ್ಮನೆ ಕಲಿತರೆ ಆಗದೇ ಎಂದು ಕೇಳುವ ಶಿಕ್ಷಕರಿದ್ದಾರೆ. ಅವರ ಅಳುಕು ನ್ಯಾಯವಾದದ್ದೇ. ಆದರೆ ಒಳ್ಳೆಯ ಸ್ಪರ್ಧೆಯಲ್ಲಿ ಪಾಠ ಮಾಡುವುದು ಬಹುಮಾನವಲ್ಲ, ನಿಯಮ. ಇದಕ್ಕೊಂದು ಹಳೆಯ ಉದಾಹರಣೆ ಇದೆ. ಗೋಡೆಗಳ ಜಟಿಲ ದಾರಿಯಲ್ಲಿ ತಾನಾಗಿ ದಾರಿ ಹುಡುಕುವ ಯಂತ್ರದ ಇಲಿಗಳ ಸ್ಪರ್ಧೆ, ಮೈಕ್ರೋಮೌಸ್, 1979ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆಯಿತು. ದಾರಿಯನ್ನು ನೆನಪಿಟ್ಟುಕೊಳ್ಳುವ ಬುದ್ಧಿವಂತ ಇಲಿಗಳನ್ನು ಮಾಡಿ ತಂದವರಿದ್ದರು. ಆದರೆ ಅತಿ ವೇಗವಾಗಿ ಮುಗಿಸಿದ್ದು ಒಂದು ಬದಿಯ ಗೋಡೆಗೆ ಮೈ ತಾಗಿಸಿಕೊಂಡು ಸುಮ್ಮನೆ ಓಡಿದ, ಏನನ್ನೂ ಯೋಚಿಸದ ಇಲಿ. ಮುಂದೆ ಬ್ರಿಟನ್ನಿನ ಜಾನ್ ಬಿಲ್ಲಿಂಗ್ಸ್ಲೆ ನಿಯಮ ಬದಲಿಸಿ, ತಲುಪಬೇಕಾದ ಗುರಿಯನ್ನು ದಾರಿಯ ನಡುಮಧ್ಯಕ್ಕೆ ತಂದರು. ಗೋಡೆ ಹಿಡಿದು ಹೋದವರು ಸುತ್ತುತ್ತಲೇ ಇರುವಂತಾಯಿತು. ಅಲ್ಲಿಂದ ಮುಂದೆ ಗೆಲ್ಲಬೇಕಾದರೆ ಇಲಿ ಯೋಚಿಸಲೇಬೇಕಾಯಿತು. ಒಂದೇ ಒಂದು ನಿಯಮದ ತಿದ್ದುಪಡಿ ಅಷ್ಟು ಕೆಲಸ ಮಾಡಿತು.

ಅಮೆರಿಕದ ಸಂಶೋಧಕ ಡೀನ್ ಕೇಮನ್ 1989ರಲ್ಲಿ 'ಫಸ್ಟ್' ಎಂಬ ಸಂಸ್ಥೆ ಕಟ್ಟಿದ. ಆಟಗಾರರನ್ನು ಮಕ್ಕಳು ಆರಾಧಿಸುವಂತೆ ಯಂತ್ರ ಕಟ್ಟುವವರನ್ನೂ ಆರಾಧಿಸಲಿ ಎಂಬುದು ಅವನ ಹಂಬಲ. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ಶಾಲೆಯ ಜಿಮ್‌ನಲ್ಲಿ 28 ತಂಡಗಳೊಂದಿಗೆ ಮೊದಲ ಸ್ಪರ್ಧೆ ನಡೆಯಿತು. ಎಂಐಟಿಯ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಅದಕ್ಕೆ ಒಂದು ನಡತೆಯ ಸಂಹಿತೆ ಕೊಟ್ಟರು. ಜಿದ್ದಿನಿಂದ ಆಡಬೇಕು, ಆದರೆ ಎದುರಾಳಿಯ ಮೋಟರ್ ಸುಟ್ಟರೆ ನಿನ್ನ ಹೆಚ್ಚುವರಿ ಮೋಟರ್ ಅವನಿಗೆ ಕೊಡಬೇಕು. ಇಂದು ಆ ಸ್ಪರ್ಧೆ ಎಷ್ಟೋ ದೇಶಗಳ ಮಕ್ಕಳನ್ನು ಸೇರಿಸುತ್ತಿದೆ. 2004ರಲ್ಲಿ ಶುರುವಾದ ವರ್ಲ್ಡ್ ರೋಬೋಟ್ ಒಲಿಂಪಿಯಾಡ್ 2016ರಲ್ಲಿ ದೆಹಲಿಯ ಹತ್ತಿರ ನಡೆದಾಗ, ಕಸ ವಿಂಗಡಿಸಿ ಮರುಬಳಕೆ ಮಾಡುವುದನ್ನೇ ಮಕ್ಕಳಿಗೆ ಸವಾಲಾಗಿ ಕೊಟ್ಟಿದ್ದರು.

ಕಾಲೇಜು ಮಟ್ಟದಲ್ಲಿ ಏಷ್ಯಾ-ಪೆಸಿಫಿಕ್ ಪ್ರಸಾರ ಸಂಸ್ಥೆಗಳ ಒಕ್ಕೂಟ ನಡೆಸುವ ರೋಬೋಕಾನ್ ಇದೆ. ನಮ್ಮಲ್ಲಿ ದೂರದರ್ಶನದ ಹೆಸರಿನೊಂದಿಗೆ ಬೆಸೆದುಕೊಂಡ ಸ್ಪರ್ಧೆ ಅದು. ಆತಿಥೇಯ ದೇಶ ಹೆಚ್ಚಾಗಿ ತನ್ನ ಮಣ್ಣಿನ ಆಟವನ್ನೋ ಆಚರಣೆಯನ್ನೋ ಸವಾಲಾಗಿ ಕೊಡುತ್ತದೆ. 2008ರಲ್ಲಿ ಪುಣೆಯಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆ ನಡೆದಾಗ ಕೊಟ್ಟದ್ದು ಕೃಷ್ಣಾಷ್ಟಮಿಯ ಮೊಸರುಕುಡಿಕೆ. ದೇಶ ವಿದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ರೋಬೋಗಳು ಒಂದಕ್ಕೊಂದು ನೆರವಾಗಿ ಎತ್ತರದ ಗಡಿಗೆಗೆ ಕೈ ಹಾಕಿದವು. ಕೊಡಗಿನಲ್ಲಿ ಇಂಥ ಸವಾಲಿಗೆ ಬರವೇ? ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಆಟ ಇದೆ. ಗುಂಡಿನ ಬದಲು ಪಿಂಗ್‌ಪಾಂಗ್ ಚೆಂಡು, ಬಂದೂಕಿನ ಬದಲು ಗುರಿ ಹುಡುಕಿ ಚೆಂಡೆಸೆಯುವ ರೋಬೋ ಇಟ್ಟರೆ, ಗೆಲ್ಲಲು ಬೇಕಾದ ಕೋನ, ವೇಗ, ದೂರದ ಲೆಕ್ಕವನ್ನು ಪಿಯುಸಿ ಭೌತಶಾಸ್ತ್ರದಲ್ಲಿ ಹೇಗೂ ಓದಲೇಬೇಕು.

ಇನ್ನು ನಮ್ಮ ಶಾಲೆಗಳ ಕಡೆ ಬರೋಣ. ನೀತಿ ಆಯೋಗದ ಅಟಲ್ ಇನೋವೇಷನ್ ಮಿಷನ್ 2016ರಲ್ಲಿ ಆರಂಭವಾಗಿ ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್ ಕೊಟ್ಟಿದೆ. ಆರರಿಂದ ಹನ್ನೆರಡನೇ ತರಗತಿವರೆಗಿನ ಮಕ್ಕಳಿಗೆ ಮೈಕ್ರೋಕಂಟ್ರೋಲರ್, ಸೆನ್ಸರ್, ತ್ರೀಡಿ ಪ್ರಿಂಟರ್ ಇರುವ ಕೋಣೆ. ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೇ 50,000 ಲ್ಯಾಬ್ ಕೊಡುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿನ ಖಾತೆಗೆ ಮಾದರಿ ಮಾಡಲೆಂದೇ 10,000 ರೂಪಾಯಿ ಬರುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಐಐಟಿ ಬಾಂಬೆಯ ಇ-ಯಂತ್ರ ಸ್ಪರ್ಧೆ ಇದೆ. ಅದು ಕಲಿಸುತ್ತಲೇ ಸ್ಪರ್ಧಿಸಲು ಬಿಡುತ್ತದೆ. ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಇವೆರಡರಲ್ಲೂ ಕೈ ತುರಿಸುವ ಯುವಕ ಯುವತಿಯರು ಇದ್ದಾರೆ. ಶಿಕ್ಷಕರಿಗೆ ತರಬೇತಿ ಕೊಡಲು ಕೂಡಿಗೆಯಲ್ಲಿ ಡಯಟ್ ಇದೆ. ಅಂದರೆ ಕಾಗದದ ಮೇಲೆ ಕೊಡಗಿಗೆ ಹೆಚ್ಚೇನೂ ಕೊರತೆಯಿಲ್ಲ.

ಕೊರತೆ ಇರುವುದು ಸಂಜೆಯ ಬಿಡುವಿನದು. ರೋಬೋ ಕಟ್ಟುವ ಕೆಲಸ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಹಿಡಿಸುವುದಿಲ್ಲ. ಸಾಮಾನು ಹರಡಿಕೊಳ್ಳುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಕೂಡಿಗೆಯ ಸೈನಿಕ ಶಾಲೆ, ಗಾಳಿಬೀಡಿನ ನವೋದಯದಂಥ ವಸತಿ ಶಾಲೆಗಳ ಮಕ್ಕಳಿಗೆ ಸಂಜೆ ಸಿಗುತ್ತದೆ. ಗುಡ್ಡದ ಮೇಲಿನ ಹಳ್ಳಿಯಿಂದ ಬರುವ ಮಗುವಿಗೆ ಶಾಲೆ ಬಿಟ್ಟೊಡನೆ ಬಸ್ಸು ಹಿಡಿಯುವ ಚಿಂತೆ. ಆ ಬಸ್ಸು ತಪ್ಪಿದರೆ ಕತ್ತಲಲ್ಲಿ, ಆನೆ ತಿರುಗುವ ದಾರಿಯಲ್ಲಿ ನಡೆಯಬೇಕು. ತೋಟದ ಕಾರ್ಮಿಕರ ಲೈನ್ ಮನೆಯ ಮಗುವಿಗೂ ಆದಿವಾಸಿ ಹಾಡಿಯ ಮಗುವಿಗೂ ಮನೆಯಲ್ಲಿ ಬೇರೆ ಕೆಲಸ ಕಾದಿರುತ್ತದೆ. ಹಾಗಾಗಿ ಶನಿವಾರದ ಮಧ್ಯಾಹ್ನವನ್ನಾದರೂ ಲ್ಯಾಬ್‌ಗೆ ಬಿಟ್ಟುಕೊಡಬೇಕು, ಆ ದಿನ ಊಟ ಮತ್ತು ಮರಳುವ ವಾಹನವನ್ನು ಶಾಲಾಭಿವೃದ್ಧಿ ಸಮಿತಿ ನೋಡಿಕೊಳ್ಳಬೇಕು. ಇಷ್ಟು ಮಾಡದೆ ತಂದ ತ್ರೀಡಿ ಪ್ರಿಂಟರ್ ದೂಳು ತಿನ್ನುತ್ತದೆ.

ದೂಳಿಗಿಂತ ದೊಡ್ಡ ಶತ್ರು ಇಲ್ಲಿನ ತೇವ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಸರ್ಕಿಟ್ ಬೋರ್ಡ್ ಸುಮ್ಮನಿರುತ್ತದೆಯೇ? ಪಿನ್‌ಗಳು ಹಸಿರುಗಟ್ಟುತ್ತವೆ, ಜಂಪರ್ ವೈರ್ ಸಡಿಲವಾಗುತ್ತದೆ, ಬ್ಯಾಟರಿ ಹೋಲ್ಡರ್‌ನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ರಜೆ ಮುಗಿಸಿ ಬಂದ ಶಿಕ್ಷಕರು ಕಿಟ್ ಕೆಟ್ಟಿದೆ ಎಂದು ಬೀರುವಿಗೆ ಬೀಗ ಹಾಕುತ್ತಾರೆ. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಪಿನ್ ತಿಕ್ಕಲು ಒಂದು ಹಳೆಯ ಟೂತ್‌ಬ್ರಷ್ ಇದ್ದರೆ ಮುಕ್ಕಾಲು ಕಿಟ್ ಬದುಕುತ್ತದೆ. ಬಿಡಿಭಾಗ ಬೇಕೆಂದರೆ ಮೈಸೂರಿಗೆ ಹೋಗಬೇಕು, ಇಲ್ಲವೆ ಬೆಂಗಳೂರಿನ ಎಸ್.ಪಿ. ರಸ್ತೆಗೆ, ಇಲ್ಲವೆ ಕೊರಿಯರ್ ಕಾಯಬೇಕು. ಇಪ್ಪತ್ತು ರೂಪಾಯಿಯ ಒಂದು ಭಾಗಕ್ಕಾಗಿ ಇಡೀ ವಾರ ಕೆಲಸ ನಿಂತರೆ ಮಗುವಿನ ಉತ್ಸಾಹ ಇಳಿಯುತ್ತದೆ. ಜಿಲ್ಲೆಗೆ ಒಂದಾದರೂ ಬಿಡಿಭಾಗಗಳ ಸಾಮಾನ್ಯ ಪೆಟ್ಟಿಗೆ ಬೇಕು. ಅದನ್ನು ಇಡಲು ಡಯಟ್‌ಗಿಂತ ಒಳ್ಳೆಯ ಜಾಗ ನನಗೆ ಕಾಣದು.

ಕಿಟ್ ಬಂದ ಮೇಲೆ ಏನು ಕಟ್ಟಬೇಕು? ಪೆಟ್ಟಿಗೆಯೊಳಗಿನ ಚಿತ್ರ ನೋಡಿ ಅದೇ ಕಾರು, ಅದೇ ತೋಳು ಕಟ್ಟುವುದು ಆರಂಭಕ್ಕೆ ಸರಿ. ಅಲ್ಲೇ ನಿಂತರೆ ಮಗುವಿಗೆ ಸಾಕೆನಿಸುತ್ತದೆ, ಸಹಜ. ಕೊಡಗಿನಲ್ಲಿ ಮಗುವಿನ ಕಣ್ಣೆದುರೇ ಲೆಕ್ಕ ಕೇಳುವ ಸಂಗತಿಗಳಿವೆ. ಮಳೆಯನ್ನೇ ತೆಗೆದುಕೊಳ್ಳಿ. ತೋಟದ ಮನೆಗಳಲ್ಲಿ ಬೆಳಗೆದ್ದೊಡನೆ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದಿಡುವ ರೂಢಿ ತಲೆಮಾರುಗಳದು. ಜಗತ್ತು ಮಿಲಿಮೀಟರ್‌ಗೆ ಬದಲಾದರೂ ಬೆಳೆಗಾರರ ಬಾಯಲ್ಲಿ ಇವತ್ತಿಗೂ ಇಂಚು, ಸೆಂಟ್. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಫೋನಿನಲ್ಲಿ ಕುಶಲ ಕೇಳುವಾಗಲೂ 'ನಿಮ್ಮಲ್ಲಿ ಎಷ್ಟು ಸೆಂಟ್ ಬಂತು' ಎಂದೇ ಶುರು.

ಹವಾಮಾನ ಕೇಂದ್ರಗಳಲ್ಲಿ ಬಳಸುವ ಸ್ವಯಂಚಾಲಿತ ಮಳೆಮಾಪಕದೊಳಗೆ ಏತದಂತೆ ಆಡುವ ಜೋಡಿ ಬಟ್ಟಲು ಇರುತ್ತದೆ. ಮೇಲಿನ ಆಲಿಕೆಯಿಂದ ನೀರು ಒಂದು ಬಟ್ಟಲಿಗೆ ಬೀಳುತ್ತದೆ; ಅದು ತುಂಬಿದೊಡನೆ ಮಗುಚಿ ಇನ್ನೊಂದು ಬಟ್ಟಲು ಆಲಿಕೆಯಡಿ ಬರುತ್ತದೆ. ಪ್ರತಿ ಮಗುಚುವಿಕೆಗೂ ಒಂದು ಅಯಸ್ಕಾಂತ ಒಂದು ಪುಟ್ಟ ಸ್ವಿಚ್ಚಿನ ಮುಂದೆ ಹಾದು ಹೋಗುತ್ತದೆ, ಚಿಪ್ ಒಂದು ಎಂದು ಎಣಿಸುತ್ತದೆ. ಆಲಿಕೆಯ ಬಾಯಿ 20 ಸೆಂಟಿಮೀಟರ್ ಅಗಲವಿದ್ದು, ಬಟ್ಟಲು 8 ಮಿಲಿಲೀಟರ್‌ಗೆ ಮಗುಚುವಂತೆ ಸ್ಕ್ರೂ ತಿರುಗಿಸಿಟ್ಟರೆ, ಒಂದು ಮಗುಚು ಅಂದರೆ ಹೆಚ್ಚುಕಡಿಮೆ ಸರಿಯಾಗಿ ಒಂದು ಸೆಂಟ್ ಮಳೆ. ಎಂಟು ಮಿಲಿಲೀಟರ್ ಅಳೆಯಲು ಔಷಧಿ ಅಂಗಡಿಯ ಸಿರಿಂಜ್ ಸಾಕು. ವೃತ್ತದ ವಿಸ್ತೀರ್ಣದ ಸೂತ್ರ ಮಗುವಿನ ಕೈಗೆ ಹೀಗೆ ಬಂದರೆ ಮರೆಯುವುದಿಲ್ಲ. ಮಳೆ ಬಿರುಸಾದಾಗ ಯಂತ್ರ ಕಡಿಮೆ ತೋರಿಸುತ್ತದೆ, ಬಟ್ಟಲು ಮಗುಚುವ ಆ ಕ್ಷಣದಲ್ಲೂ ನೀರು ಬೀಳುತ್ತಲೇ ಇರುತ್ತದಲ್ಲ. ಅಜ್ಜನ ಹಳೆಯ ಮಾಪಕದ ಪಕ್ಕದಲ್ಲೇ ಇಟ್ಟು ಎರಡರ ಅಂತರ ಬರೆದಿಟ್ಟರೆ ಎಷ್ಟು ತಿದ್ದಬೇಕೆಂಬುದೂ ಗೊತ್ತಾಗುತ್ತದೆ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಕುಸಿದ ಮೇಲೆ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿದ ಮೇಲೆ, ಯಾವ ಗುಡ್ಡದ ಮೇಲೆ ಯಾವ ಗಂಟೆಯಲ್ಲಿ ಎಷ್ಟು ಸುರಿಯಿತು ಎಂಬ ಲೆಕ್ಕ ನಮಗೆ ಹವ್ಯಾಸವಾಗಿ ಉಳಿದಿಲ್ಲ. ನೂರು ಶಾಲೆಗಳ ಮಾಡಿನ ಮೇಲೆ ನೂರು ಮಾಪಕಗಳಿದ್ದರೆ ಅದು ಆಟಿಕೆಯ ಮಾತಲ್ಲ.

ಇನ್ನೊಂದು, ಆನೆ. ಇಲ್ಲಿನ ಮಕ್ಕಳನ್ನು ಏನು ಕಂಡುಹಿಡಿಯುತ್ತೀರಿ ಎಂದು ಕೇಳಿದರೆ ಆನೆ ಬಂದರೆ ಕೂಗುವ ಯಂತ್ರ ಎಂದು ಹೇಳುವವರು ಇದ್ದೇ ಇರುತ್ತಾರೆ. ಮೈಬಿಸಿಯಿರುವ ಜೀವ ಅಲುಗಾಡಿದರೆ ಗುರುತಿಸುವ ಪಿಐಆರ್ ಸೆನ್ಸರ್ ಅಗ್ಗಕ್ಕೆ ಸಿಗುತ್ತದೆ. ಪ್ರದರ್ಶನದ ಮೇಜಿನ ಮೇಲೆ ಆಟಿಕೆ ಆನೆಯ ಹಿಂದೆ ಕೈ ಆಡಿಸಿದರೆ ಬಜರ್ ಕೂಗುತ್ತದೆ, ಬಂದವರು ಚಪ್ಪಾಳೆ ತಟ್ಟುತ್ತಾರೆ. ನಿಜವಾದ ಕೆಲಸ ಆಮೇಲೆ ಇದೆ. ಗದ್ದೆ ಬದಿಯಲ್ಲಿ ಅದೇ ಬಜರ್ ನಾಯಿಗೂ ಕೂಗುತ್ತದೆ, ದನಕ್ಕೂ ಕೂಗುತ್ತದೆ. ಮೂರನೇ ರಾತ್ರಿ ಮನೆಯವರು ತಂತಿ ಕಿತ್ತು ಮಲಗುತ್ತಾರೆ, ನಾಲ್ಕನೇ ರಾತ್ರಿ ಆನೆ ಬರುತ್ತದೆ. ಸುಳ್ಳು ಕೂಗು ಕಡಿಮೆ ಮಾಡುವುದು ಹೇಗೆ? ಒಂದು ಸೆನ್ಸರ್ ಮೊಣಕಾಲೆತ್ತರದಲ್ಲಿ, ಇನ್ನೊಂದು ಆಳೆತ್ತರ ಮೀರಿ ಇಟ್ಟು, ಎರಡೂ ಒಟ್ಟಿಗೆ ಹೌದೆಂದರೆ ಮಾತ್ರ ಕೂಗಲಿ ಎನ್ನಬಹುದು. ಆ ಸೆನ್ಸರ್‌ಗೆ ಕಾಣುವುದು ಆರೇಳು ಮೀಟರ್ ಮಾತ್ರ, ಅಷ್ಟು ಹತ್ತಿರ ಬಂದ ಮೇಲೆ ಕೂಗಿ ಏನು ಪ್ರಯೋಜನ ಎಂದು ಇನ್ನೊಬ್ಬಳು ಕೇಳಬಹುದು. ಕೇಳಬೇಕು. ಪರೀಕ್ಷೆಯನ್ನು ದನದ ಕೊಟ್ಟಿಗೆಯ ಬಳಿ ಹಗಲಿನಲ್ಲಿ ಮಾಡಲಿ, ಕಾಡಿನ ಅಂಚಿಗೆ ಮಕ್ಕಳು ಹೋಗುವುದು ಬೇಡ. ಆದರೆ ಪ್ರಶ್ನೆ ನಿಜವಾದದ್ದು, ಅದಕ್ಕೆ ಪೂರ್ಣ ಉತ್ತರ ದೊಡ್ಡವರ ಬಳಿಯೂ ಇಲ್ಲ ಎಂಬುದು ಮಕ್ಕಳಿಗೆ ಗೊತ್ತಾಗುವುದು ಒಳ್ಳೆಯದು.

ಇಂಥ ಕೆಲಸ ಊರಿನಲ್ಲಿ ಬೇರೂರಬೇಕಾದರೆ ಊರಿನದೇ ಸ್ಪರ್ಧೆ ಬೇಕು. ರಾಜ್ಯಮಟ್ಟಕ್ಕೆ ಆಯ್ಕೆಯಾದ ಒಂದು ತಂಡವನ್ನು ಬಸ್ಸು ಹತ್ತಿಸಿ ಕಳುಹಿಸಿದರೆ ಆ ಐದು ಮಕ್ಕಳಿಗೆ ಲಾಭ, ಉಳಿದ ಐನೂರು ಮಕ್ಕಳು ಪತ್ರಿಕೆಯಲ್ಲಿ ಫೋಟೋ ನೋಡುತ್ತಾರೆ. ಕೊಡಗು ಇದಕ್ಕೆ ಬೇರೆ ದಾರಿಯನ್ನು ತಾನೇ ತೋರಿಸಿಕೊಟ್ಟಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರು ಮಾಡಿದಾಗ 60 ಒಕ್ಕಗಳ, ಅಂದರೆ ಮನೆತನಗಳ, ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು. ಅಲ್ಲಿ ಒಲಿಂಪಿಕ್ ಆಟಗಾರನೂ ಆಡುತ್ತಾನೆ, ಅವನ ಪಕ್ಕ ಶಾಲೆಗೆ ಹೋಗುವ ತಂಗಿಯೂ ಚಿಕ್ಕಪ್ಪನೂ ಆಡುತ್ತಾರೆ. ಆಟ ಬರುವವರನ್ನು ಆರಿಸಿ ಕಣಕ್ಕಿಳಿಸಿದ್ದರೆ ಅದು ಇಷ್ಟು ಬೆಳೆಯುತ್ತಿರಲಿಲ್ಲ. ಎಲ್ಲರನ್ನೂ ಇಳಿಸಿದ್ದರಿಂದ ಆಟ ಬರುವವರು ಹುಟ್ಟಿದರು. ನ್ಯೂ ಹ್ಯಾಂಪ್‌ಶೈರ್‌ನ 28 ತಂಡ, ಕರಡದ 60 ತಂಡ. ದೊಡ್ಡದೆಲ್ಲ ಶುರುವಾಗಿದ್ದು ಒಂದು ಶಾಲೆಯ ಜಾಗದಲ್ಲಿ, ಒಂದು ಊರಿನ ಮೈದಾನದಲ್ಲಿ.

ನಮ್ಮ ಊರಿನದೇ ಒಂದು ರೋಬೋ ಹಬ್ಬ ಶುರು ಮಾಡಲೂ ಹಾಗೆಯೇ ಇಪ್ಪತ್ತು ಶಾಲೆ ಸಾಕು. ದಸರಾ ಮುಗಿದು ಸುಗ್ಗಿ ಹಬ್ಬ ಹುತ್ತರಿಗೆ ಮುಂಚಿನ ವಾರಗಳಲ್ಲಿ ಮಳೆ ಹಿಂದಾಗಿರುತ್ತದೆ, ಪರೀಕ್ಷೆಯೂ ದೂರ. ಒಂದು ಶನಿವಾರ ಗೊತ್ತು ಮಾಡಬಹುದು. ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಎರಡು ತಿಂಗಳು ಮೊದಲೇ ಒಬ್ಬೊಬ್ಬರು ಒಂದೊಂದು ಶಾಲೆಯನ್ನು ವಹಿಸಿಕೊಳ್ಳಲಿ. ಚಲನವಲನ ಮಾಡುವ ಮಂಟಪದ ಹುಡುಗರನ್ನು ಕರೆದು ಗೇರ್ ಹೇಗೆ ಕೂರಿಸಬೇಕೆಂದು ಕಲಿಸಲು ಹೇಳಬೇಕು. ಅವರಲ್ಲಿ ಎಷ್ಟೋ ಮಂದಿಗೆ ಡಿಗ್ರಿ ಇಲ್ಲದಿರಬಹುದು, ಕೈಯಲ್ಲಿ ವಿದ್ಯೆ ಇದೆ. ಒಂದು ರೋಬೋಗೆ ತಗಲುವ ಸಾಮಾನಿಗೆ ಬೆಲೆಯ ಮಿತಿ ಇಡಬೇಕು, ಎರಡು ಸಾವಿರ ರೂಪಾಯಿ ದಾಟಬಾರದು. ಮಿತಿ ಇಲ್ಲದಿದ್ದರೆ ದುಬಾರಿ ಕಿಟ್ ತಂದ ಶಾಲೆ ಗೆಲ್ಲುತ್ತದೆ, ಲೈನ್ ಮನೆಯ ಮಗು ಮುಂದಿನ ವರ್ಷ ಬರುವುದಿಲ್ಲ. ತಂಡದಲ್ಲಿ ಹುಡುಗಿಯರು ಇರಲೇಬೇಕು, ಮತ್ತು ಸ್ಕ್ರೂಡ್ರೈವರ್ ಅವರ ಕೈಯಲ್ಲೂ ಇರಬೇಕು. ಚಾರ್ಟ್ ಬರೆಯುವ, ವಿವರಣೆ ಓದುವ ಕೆಲಸವನ್ನೇ ಹುಡುಗಿಯರಿಗೆ ಹಚ್ಚುವ ಚಾಳಿಯನ್ನು ವಿಜ್ಞಾನ ಪ್ರದರ್ಶನಗಳಲ್ಲಿ ಸಾಕಷ್ಟು ನೋಡಿದ್ದೇವೆ.

ಇದರಿಂದ ಮಾರ್ಕ್ಸ್ ಬರುತ್ತದೆಯೇ ಎಂದು ತಂದೆ ತಾಯಿ ಕೇಳುತ್ತಾರೆ. ಬರುವುದಿಲ್ಲ. ಮಾರ್ಕ್ಸ್ ಬಾರದಿದ್ದರೂ ಗೆಲ್ಲುವ ಆಸೆಗೆ ಮಕ್ಕಳ ಹೆಸರಿನಲ್ಲಿ ತಾವೇ ಕಟ್ಟಿಕೊಡುವ, ಇಲ್ಲವೆ ದುಡ್ಡು ಕೊಟ್ಟು ಕಟ್ಟಿಸಿ ತರುವ ಪೋಷಕರೂ ಬರುತ್ತಾರೆ. ಅವರನ್ನು ನಿಯಮದಿಂದಲೇ ತಡೆಯಬೇಕು. ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನಲ್ಲಿ ಸ್ಪರ್ಧೆಯ ಬೆಳಿಗ್ಗೆಯಷ್ಟೇ ತಿಳಿಸುವ ಒಂದು ಅಚ್ಚರಿಯ ನಿಯಮ ಇರುತ್ತದೆ. ಪೋಷಕರು, ತರಬೇತುದಾರರು ಹೊರಗೆ, ಮಕ್ಕಳು ತಾವೇ ತಿದ್ದಿಕೊಳ್ಳಬೇಕು. ನಮ್ಮ ಹಬ್ಬಕ್ಕೆ ಇನ್ನೂ ಸರಳವಾದದ್ದು ಸಾಕು. ಓಟ ಮುಗಿದ ಮೇಲೆ ತೀರ್ಪುಗಾರರು ಮಕ್ಕಳನ್ನು ಆ ಕಡೆ ತಿರುಗಿ ನಿಲ್ಲಲು ಹೇಳಿ, ಗಾಡಿಯಿಂದ ಯಾವುದಾದರೂ ಒಂದು ವೈರ್ ಕಿತ್ತಿಡಲಿ. ಯಾವ ವೈರ್ ಎಂದು ಹುಡುಕಿ, ಅದು ಏನು ಮಾಡುತ್ತದೆ ಎಂದು ಹೇಳಿ, ಗಾಡಿಯನ್ನು ಐದು ನಿಮಿಷದೊಳಗೆ ಮತ್ತೆ ಓಡಿಸಿದ ತಂಡಕ್ಕೆ, ಓಟದಲ್ಲಿ ಮೊದಲು ಬಂದ ತಂಡಕ್ಕೆ ಕೊಡುವಷ್ಟೇ ಅಂಕ ಕೊಡಬೇಕು.